ನೋಡದೆ ಬಿಟ್ಟ ಮುಖ

ಬೈತಖೋಲ, ಕಾರವಾರ
ಮೇ ೧೮, ೨೦೨೫, ರವಿವಾರ

ಪ್ರೀತಿಯ ವಿನುತಾ,

ನಿನ್ನ ಅತ್ತೆಯ ಆಶೀರ್ವಾದ. ಹೇಗಿದ್ದೀ ಮಗಳೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಹೋದ ವಾರ ಮದುವೆಯ ಜವಳಿಗೆಂದು ಬಂದಿದ್ದ ನಿಮ್ಮೂರು ಮಂಜಗುಣಿಯ ಹೆಂಗಸೊಬ್ಬಳು ಇಲ್ಲಿ ಪೇಟೆಯಲ್ಲಿ ಸಿಕ್ಕಿದ್ದಳು. ನೀನು ಸೊರಗಿ ಕಡ್ಡಿಯಾಗಿದ್ದೀ ಎಂದಳು. ಅವಳ ಮಾತಿನಲ್ಲಿ ಅರ್ಧ ಸೇರಿಸಿದ್ದು ಇರುತ್ತದೆ ಎಂದು ಗೊತ್ತು, ಆದರೂ ಆ ದಿನದ ಗಂಜಿಯನ್ನು ಹಾಗೇ ಮುಚ್ಚಿಟ್ಟೆ. ನಿನ್ನ ಅಮ್ಮನ ಸಕ್ಕರೆ ಕಾಯಿಲೆ ಹೇಗಿದೆ? ಈಗ ಕರಿ ಇಶಾಡು ಮಾವಿನ ಕಾಲ. ಹಣ್ಣಿನ ಬುಟ್ಟಿಯನ್ನು ಗಂಗೂಬಾಯಿಯ ಕೈಗೆ ಎಟುಕದ ಹಾಗೆ ಇಡು, ಕದ್ದು ತಿನ್ನುವುದರಲ್ಲಿ ನನ್ನ ಬೀಗಿತಿ ಸಣ್ಣ ಮಕ್ಕಳಿಗಿಂತ ಜೋರು. ನನ್ನ ಮೊಣಕಾಲು ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಬೈಯುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ.

ಫೋನು ಮಾಡಬಹುದಿತ್ತಲ್ಲ, ಈ ಮುದುಕಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎಂದು ನಿನಗೆ ಅನ್ನಿಸಬಹುದು. ಮಾಡಿದ್ದೆನಲ್ಲ. ನೀನು ಹಲೋ ಎಂದ ಕೂಡಲೇ ಹೇಳಬೇಕೆಂದಿದ್ದ ಮಾತು ಬಿಟ್ಟು ನಲ್ಲಿಯಲ್ಲಿ ನೀರು ಬಾರದ ಸುದ್ದಿ, ತೆಂಗಿನೆಣ್ಣೆ ತುಟ್ಟಿಯಾದ ಸುದ್ದಿ ಹೇಳಿ ಇಟ್ಟುಬಿಟ್ಟೆ. ಬರೆಯುವಾಗ ನನ್ನ ಕೈ ಅಷ್ಟು ಹೆದರುವುದಿಲ್ಲ. ಒಂದು ಕಾಲದಲ್ಲಿ ಬೈತಖೋಲದ ಅರ್ಧ ಹೆಂಗಸರ ಪತ್ರಗಳನ್ನು ನಾನೇ ಬರೆದುಕೊಟ್ಟವಳು. ಗಂಡಂದಿರು ದುಬೈ, ಮಸ್ಕತ್ ಕಡೆಯ ಹಡಗುಗಳಲ್ಲಿ ಇರುತ್ತಿದ್ದರು, ಇವರು ನನ್ನ ಜಗಲಿಯಲ್ಲಿ ಕೂತು ಮೂಗು ಒರೆಸುತ್ತ ಹೇಳುತ್ತಿದ್ದರು. ಬರೆದದ್ದನ್ನು ಓದಿ ತೋರಿಸಿದಾಗ ಎಲ್ಲರದ್ದೂ ಒಂದೇ ಮಾತು, ದುಃಖದ್ದು ಬೇಡ, ಅಲ್ಲಿ ಅವರಿಗೆ ಕೆಲಸ ಮಾಡಲಾಗುವುದಿಲ್ಲ, ಇಲ್ಲಿ ಎಲ್ಲ ಚಲೋ ಇದೆ ಎಂದು ಬರೆ. ಹಾಗೇ ಬರೆಯುತ್ತಿದ್ದೆ. ಇವತ್ತು ನನ್ನದೇ ಪತ್ರ ಬರೆಯಲು ಕೂತಿದ್ದೇನೆ, ಆ ಸಾಲು ಬರೆಯಲು ಬರುವುದಿಲ್ಲ.

ಮನೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ನೀನು ಸಾಕಿದ ಬೆಕ್ಕು ಎಮ್ಮೆಯ ಹಾಗೆ ಬೆಳೆದಿದೆ. ಕಾರಣ ನಾನೇ. ನಿನಗೆ ಹೇಳಿರಲಿಲ್ಲ, ನನ್ನ ಮಗ, ನಿನ್ನ ರೂಪೇಶ, ಸಮುದ್ರದಲ್ಲಿ ಹೋದಂದಿನಿಂದ ನಾನು ಮೀನು ಬಾಯಿಗೆ ಇಟ್ಟಿಲ್ಲ. ಮಾರುವುದನ್ನು ಬಿಟ್ಟಿಲ್ಲ, ಮನೆ ನಡೆಯಬೇಕಲ್ಲ. ಬೆಳಿಗ್ಗೆ ಬಂದರಿನಲ್ಲಿ ಹರಾಜು ಕೂಗಿ ಬಂಗಡೆ, ತಾರಲೆ ತುಂಬಿಸಿಕೊಂಡು ಪೇಟೆಗೆ ಹೋಗುತ್ತೇನೆ, ಗಿರಾಕಿಗಳ ಹತ್ತಿರ ಎಂದಿನಂತೆ ಜಗಳ ಮಾಡುತ್ತೇನೆ, ಮನೆಗೆ ಬಂದು ಹೆಸರುಕಾಳಿನ ಸಾರು ಉಣ್ಣುತ್ತೇನೆ. ಉಳಿದ ಮೀನು ಬೆಕ್ಕಿಗೆ. ನನ್ನನ್ನು ನೋಡಿ ಕಾಶಿ ಭಾವ, ನಮ್ಮ ಹೀರಾ ಮೀನು ಬಿಟ್ಟು ಭಟ್ಟರ ಮನೆ ಸೇರಿದಳು ಎಂದು ನಗೆಯಾಡಿದರು. ಅವರಿಗೆ ಕಾರಣ ಹೇಳಲಿಲ್ಲ. ನೀನು ದಂಡೆಯ ಮೇಲೆ ಹುಟ್ಟಿದವಳು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊನ್ನೆ ಒಬ್ಬಳು ಗಿರಾಕಿ ದೊಡ್ಡ ಇಸ್ವಣ ಮೀನನ್ನು ಹಿಡಿದು, ಹೊಟ್ಟೆ ಸೀಳಿ ತೋರಿಸು, ತಾಜಾ ಇದೆಯೋ ನೋಡಬೇಕು ಎಂದಳು. ಹಿಡಿದ ಕತ್ತಿಯನ್ನು ಕೆಳಗಿಟ್ಟೆ. ಮೀನು ಸಮುದ್ರದಲ್ಲಿ ಏನು ತಿನ್ನುತ್ತದೆ ಎಂದು ಇಷ್ಟು ವರ್ಷ ಕೇಳಿಕೊಳ್ಳದವಳು ಈಗ ಕೇಳಿಕೊಳ್ಳುತ್ತೇನೆ. ನಮ್ಮ ಅಜ್ಜಂದಿರ ಕಾಲದಿಂದ ನಮಗೆ ಉಣ್ಣಲು ಕೊಟ್ಟದ್ದು ಆ ನೀರು. ಅದು ಒಮ್ಮೆ ನಮ್ಮಿಂದ ತೆಗೆದುಕೊಂಡರೆ ಯಾರ ಹತ್ತಿರ ಹೋಗಿ ನ್ಯಾಯ ಕೇಳುವುದು? ಆ ಇಸ್ವಣವನ್ನು ಅವಳಿಗೆ ಹಾಗೇ ಕೊಟ್ಟು ಕಳಿಸಿದೆ.

ಈಗ ಕಾಶಿ ಭಾವನ ವಿಷಯ. ನಿನ್ನ ಮಾವ ತೀರಿಹೋದ ಮೇಲೆ ನಮ್ಮ ಮನೆಗೆ ಹಿರಿಯರು ಎಂದರೆ ಅವರ ಅಣ್ಣ ಒಬ್ಬರೇ, ಅವರ ಮಾತನ್ನು ನಾನು ಎಂದೂ ತೆಗೆದುಹಾಕಿದವಳಲ್ಲ. ಯುಗಾದಿ ಮುಗಿದ ಮೇಲೆ ಅವರು ಒಂದೇ ವಿಷಯ ಹಿಡಿದು ಕೂತಿದ್ದಾರೆ. ರೂಪೇಶ ಬೋಟಿನಿಂದ ಬಿದ್ದದ್ದು ಕಳೆದ ಚೌತಿಯ ಹಿಂದಿನ ವಾರ. ಮಳೆನೀರಿಗೆ ಹೊಳೆ ತಂದ ಮರದ ದಿಮ್ಮಿ ಬಲೆಗೆ ಸಿಕ್ಕಿತು, ಬಿಡಿಸಲು ಬಗ್ಗಿದವನು ಮತ್ತೆ ಮೇಲೆ ಬರಲಿಲ್ಲ. ಕೋಸ್ಟ್ ಗಾರ್ಡಿನವರು ಹುಡುಕಿದರು, ನಮ್ಮ ಬೋಟುಗಳೆಲ್ಲ ಚೌತಿ ಹಬ್ಬ ಬಿಟ್ಟು ಹುಡುಕಿದವು. ಮಳೆಗಾಲ ಹೋಗಿ ಇನ್ನೊಂದು ಮಳೆಗಾಲ ಬರುವ ಹೊತ್ತಾಯಿತು, ಇನ್ನು ಕ್ರಿಯೆ ಮಾಡದೆ ಇಡಬಾರದು ಎಂದು ಭಾವ. ದೇಹ ಸಿಗದವರಿಗೆ ದರ್ಭೆಯ ಗೊಂಬೆ ಮಾಡಿ ಸುಡುವ ಕ್ರಮ ಉಂಟಲ್ಲ, ಅದನ್ನು ಬರುವ ಅಮಾವಾಸ್ಯೆಗೆ ದಂಡೆಯ ಮೇಲೆ ಮಾಡಿ ಮುಗಿಸುವ ಎಂದರು. ಹೇಳುತ್ತಾ ಅವರಿಗೂ ಕಣ್ಣು ತುಂಬಿತು.

"ಹೀರಾ, ಮಳೆ ಸುರುವಾತಂದ್ರೆ ದಂಡೆ ಮೇಲೆ ಬೆಂಕಿ ನಿಲ್ಲೂದಿಲ್ಲ. ಇನ್ನೂ ಎಷ್ಟು ದಿನ ಅಂವನ್ನ ನಡುನೀರಲ್ಲೇ ಇಟ್ಕಂಬೂದು?" ಎಂದರು.

ಅಂಕೋಲೆಯಿಂದ ಗುರುಪ್ರಸಾದ ಭಟ್ಟರನ್ನು ಕರೆಸಿದರು. ಸಣ್ಣ ಪ್ರಾಯದವರು, ಸ್ಕೂಟರಿನ ಮೇಲೆ ಬರುತ್ತಾರೆ, ಒಳ್ಳೆಯ ಮನುಷ್ಯ. ತಿಳಿಯದ್ದನ್ನು ತಿಳಿಯದು ಎನ್ನುತ್ತಾರೆ. ನಾನು ಅವರನ್ನು ಕೂರಿಸಿಕೊಂಡು ಎಲ್ಲ ಕೇಳಿದೆ. ಗೊಂಬೆ ಹೇಗೆ ಕಟ್ಟುತ್ತಾರೆ, ಕೈಗೆ ಏನು, ಎದೆಗೆ ಏನು. ತಲೆಗೆ ತೆಂಗಿನಕಾಯಿ ಇಡುತ್ತಾರಂತೆ. ನಿನ್ನ ತಲೆ ಬರೀ ತೆಂಗಿನಕಾಯಿ ಕಣೋ ಎಂದು ಅವನಿಗೆ ನಾನು ಎಷ್ಟು ಸಲ ಬೈದಿದ್ದೆ, ನೀನೂ ಕೇಳಿದ್ದೀ. ಭಟ್ಟರ ಎದುರಿಗೆ ನಗು ಬಂತು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಸಾವರಿಸಿಕೊಂಡು ಇನ್ನೊಂದು ಕೇಳಿದೆ. ಎಲ್ಲ ಮಾಡಿ ಮುಗಿಸಿದ ಮೇಲೆ ಹುಡುಗ ಬಾಗಿಲಲ್ಲಿ ಬಂದು ನಿಂತರೆ ಏನು ಮಾಡುವುದು? ಅದಕ್ಕೂ ಶಾಸ್ತ್ರ ಉಂಟಂತೆ ವಿನುತಾ. ಸತ್ತವನೆಂದು ಕ್ರಿಯೆ ಮಾಡಿಸಿಕೊಂಡವನು ತಿರುಗಿ ಬಂದರೆ ಅವನು ಹೊಸದಾಗಿ ಹುಟ್ಟಬೇಕು. ತುಪ್ಪದಲ್ಲಿ ಮೀಯಿಸಿ, ಹುಟ್ಟಿದ ಮಗುವಿಗೆ ಮಾಡುವುದನ್ನೆಲ್ಲ ಮಾಡಿ, ಮತ್ತೆ ಹೆಸರಿಟ್ಟು, ಅದೇ ಹೆಂಡತಿಯನ್ನು ಅವನು ಮತ್ತೆ ಮದುವೆಯಾಗಬೇಕು. ಅಂದರೆ ಹಿಂದಿನವರಿಗೂ ನಮ್ಮ ಹಾಗೆ ಅನುಮಾನ ಇತ್ತು. ಸುಟ್ಟ ಮೇಲೂ ಒಂದು ಬಾಗಿಲು ತೆರೆದಿಟ್ಟೇ ಸುಟ್ಟಿದ್ದಾರೆ. ಅಷ್ಟು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು, ಆದರೆ ಹೂಂ ಎನ್ನಲಿಲ್ಲ. ಸೊಸೆಯನ್ನು ಕೇಳದೆ ನಾನು ಏನೂ ಹೇಳುವುದಿಲ್ಲ ಎಂದೆ.

ನೀನು ಏನು ಹೇಳುತ್ತೀ ಎಂದು ನನಗೆ ಗೊತ್ತಿತ್ತು. ಯಾವುದೋ ಹಡಗಿನವರು ಅವನನ್ನು ಎತ್ತಿಕೊಂಡು ಹೋಗಿದ್ದಾರೆ, ದೂರದ ಯಾವುದೋ ದೇಶದ ಜೈಲಿನಲ್ಲಿ ಇದ್ದಾನೆ, ಹಾಗೆ ಹೋದವರು ವರ್ಷಗಳ ಮೇಲೆ ಬಂದಿದ್ದಾರೆ ಎಂದು ಹೇಳುತ್ತೀ. ಇಲ್ಲಿಂದ ಹೊರಟ ದಿನವೂ ಅದನ್ನೇ ಹೇಳಿದ್ದೆ. ಕರಿಮಣಿ ತೆಗೆ ಎಂದು ಯಾರೋ ಪಿಸುಗುಟ್ಟಿದ್ದನ್ನು ಕೇಳಿ ಚೀಲ ತುಂಬಿಕೊಂಡು ತವರಿಗೆ ಹೊರಟವಳನ್ನು ನಾನು ತಡೆಯಲಿಲ್ಲ, ನಿನ್ನ ಜಾಗದಲ್ಲಿದ್ದರೆ ನಾನೂ ಹೊರಡುತ್ತಿದ್ದೆ. ಆದರೆ ನಿನ್ನ ಅಮ್ಮ ಹೇಳುತ್ತಾಳೆ, ಸಮುದ್ರದ ಭರತ ಏರಿ ಇಳಿದಾಗಲೆಲ್ಲ ನೀನು ಗಂಗಾವಳಿಯ ಅಳಿವೆಗೆ ಹೋಗಿ ಮರಳಿನ ಮೇಲೆ ನೋಡುತ್ತಾ ನಡೆಯುತ್ತೀಯಂತೆ. ಕಾರವಾರದ ನೀರಿನಲ್ಲಿ ಹೋದದ್ದು ತೆಂಕಲಾಗಿ ಸರಿದು ಅಲ್ಲಿ ದಡಕ್ಕೆ ಬರುತ್ತದೆ ಎಂದು ಯಾರು ಹೇಳಿಕೊಟ್ಟರು ನಿನಗೆ? ಬದುಕಿದ್ದಾನೆ ಎನ್ನುವವಳು ಮರಳಿನಲ್ಲಿ ಏನು ಹುಡುಕುತ್ತೀ ಮಗಳೇ? ನಾನು ಹಾಸ್ಯ ಮಾಡುತ್ತಿಲ್ಲ. ನಾನೂ ಹಾಗೇ. ಹೋದವನು ಹೋದ ಎಂದು ನಾಲ್ಕು ಜನರ ಎದುರು ಗಟ್ಟಿಯಾಗಿ ಹೇಳುತ್ತೇನೆ. ಸಂಜೆ ಬೋಟುಗಳು ಬರುವಾಗ ಒಂದೊಂದರ ಮೇಲೂ ನಿಂತವರ ತಲೆಗಳನ್ನು ನೋಡುತ್ತೇನೆ, ಕೊನೆಯ ಬೋಟು ಕಟ್ಟುವವರೆಗೆ ಬಂದರಿನಿಂದ ಏಳುವುದಿಲ್ಲ. ಅವನು ಇದ್ದಾನೋ ಇಲ್ಲವೋ ಎಂದು ಯಾರಾದರೂ ಗಟ್ಟಿಯಾಗಿ ಕೇಳಿದರೆ ಏನು ಹೇಳಬೇಕು? ಇದ್ದಾನೆ ಎಂದರೆ ಎಲ್ಲಿ ಎನ್ನುತ್ತಾರೆ. ಇಲ್ಲ ಎಂದರೆ ತೋರಿಸು ಎನ್ನುತ್ತಾರೆ. ಮನುಷ್ಯ ಒಂದೋ ಇರುತ್ತಾನೆ, ಇಲ್ಲವೋ ಇರುವುದಿಲ್ಲ ಎಂದು ತಿಳಿದಿದ್ದೆ. ಈ ಎಂಟೊಂಬತ್ತು ತಿಂಗಳಲ್ಲಿ ನಡುವೆ ಇನ್ನೊಂದು ಜಾಗ ಉಂಟು ಎಂದು ಗೊತ್ತಾಯಿತು, ನಾವಿಬ್ಬರೂ ಅವನ ಜೊತೆ ಅಲ್ಲೇ ಇದ್ದೇವೆ.

ಇಷ್ಟೇ ಆಗಿದ್ದರೆ ಈ ಪತ್ರ ಬೇಕಿರಲಿಲ್ಲ. ಇನ್ನು ಮುಂದಿನದನ್ನು ಕೂತುಕೊಂಡು ಓದು.

ಬೆಂಕಿ ಇಡುವವರು ಯಾರು ಎಂಬ ಮಾತು ಬಂತು. ನಿಮಗೆ ಮಕ್ಕಳಾಗಿಲ್ಲ, ಅವನ ಅಪ್ಪ ಇಲ್ಲ. ಕಾಶಿ ಭಾವ ಜಟ್ಟನ ಹೆಸರು ಹೇಳಿದರು. ನನಗೂ ಅದೇ ಸರಿ ಕಂಡಿತು. ಬೇಲೇಕೇರಿಯ ನನ್ನ ತಂಗಿ ಸತ್ತ ಮೇಲೆ ಅವಳ ಮಗನನ್ನು ನಾನೇ ತಂದು ಸಾಕಿದ್ದು ನಿನಗೆ ಗೊತ್ತಲ್ಲ. ಜಟ್ಟನೂ ರೂಪೇಶನೂ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು, ಒಂದೇ ವರ್ಷ ಬೋಟು ಹತ್ತಿದವರು. ಈಗ ಜಟ್ಟ ಬೇರೆ ಬೋಟಿನಲ್ಲಿ ತಾಂಡೇಲ, ಹನ್ನೆರಡು ಜನರನ್ನು ಸಮುದ್ರಕ್ಕೆ ಕರೆದುಕೊಂಡು ಹೋಗಿ ಕರೆದುಕೊಂಡು ಬರುವ ಜವಾಬ್ದಾರಿ ಅವನದ್ದು. ರೂಪೇಶ ಹೋದ ಮೇಲೆ ಒಂದು ವಾರವೂ ಬಿಡದೆ ಬಂದು ನನ್ನ ಮನೆ ನೋಡಿಕೊಂಡ. ಹೆಂಚು ಸರಿಮಾಡಿಸಿದ, ಗ್ಯಾಸು ತಂದ. ನನ್ನ ಮುಖ ಮಾತ್ರ ಸರಿಯಾಗಿ ನೋಡುತ್ತಿರಲಿಲ್ಲ. ದುಃಖ ಇರಬೇಕು ಎಂದುಕೊಂಡೆ.

ಭಾವ ಅವನಿಗೆ ಹೇಳಿದ ಮರುದಿನ ಮಧ್ಯಾಹ್ನ ಬಂದ. ಬಿರುಬಿಸಿಲು, ಚಪ್ಪಲಿ ಇಲ್ಲ. ಜಗಲಿಯ ಮೇಲೆ ಕೂರಲಿಲ್ಲ, ಮೆಟ್ಟಿಲ ಮೇಲೆ ಕೂತ.

"ಮಾವಶಿ, ಆ ಬೆಂಕಿ ನಾನು ಇಡೂಕೆ ಆಗೂದಿಲ್ಲ" ಎಂದ.

ಯಾಕೆ ಎಂದು ಕೇಳಿದೆ. ಆಮೇಲೆ ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನನ್ನದು ಏನೂ ಸೇರಿಸುವುದಿಲ್ಲ. ಚೌತಿ ಮುಗಿದು ಜನ ಮತ್ತೆ ಮೀನಿಗೆ ಮುಗಿಬೀಳುತ್ತಿದ್ದ ವಾರ. ಅವನ ಬೋಟು ಬಹಳ ಹೊರಗೆ ಇತ್ತು. ಬಂಗಡೆ ತುಂಬಿತ್ತು, ಬರ್ಫ ಕರಗುತ್ತಿತ್ತು, ಕೊನೆಯ ಬಲೆ ಎಳೆದು ತಿರುಗುವುದೆಂದು ಇದ್ದರು. ಬೆಳಿಗ್ಗೆ ಎಂಟರ ಸುಮಾರು. ಬಲೆಯಲ್ಲಿ ಮೀನಿನ ಜೊತೆಗೆ ಒಂದು ಹೆಣ ಬಂತು. ಹೀಗೆ ಬಲೆಗೆ ಬಂದದ್ದನ್ನು ದಡಕ್ಕೆ ತಂದರೆ ಏನಾಗುತ್ತದೆ ಎಂದು ನಿನಗೂ ಗೊತ್ತು. ಪೊಲೀಸರು, ಪಂಚನಾಮೆ, ಬೋಟು ಬಂದರಿನಲ್ಲೇ ನಿಲ್ಲುತ್ತದೆ, ಮೀನು ಕೊಳೆಯುತ್ತದೆ, ಕೆಲಸದವರೆಲ್ಲ ಸ್ಟೇಷನ್ ಮೆಟ್ಟಿಲು ಹತ್ತಬೇಕು. ಅದಕ್ಕೇ ಕೆಲವರು ತರುವುದಿಲ್ಲ. ತೆಂಗಿನಕಾಯಿ ಒಡೆದು, ಕೈಮುಗಿದು, ಬೋಟನ್ನು ಒಂದು ಸುತ್ತು ತಿರುಗಿಸಿ ತಿರುಗಿ ನೀರಿಗೇ ಬಿಡುತ್ತಾರೆ. ದಡದಲ್ಲಿ ಅದರ ಮಾತು ಎತ್ತುವುದಿಲ್ಲ. ನಮ್ಮ ಗಂಡಸರ ಈ ರೂಢಿ ನನಗೆ ಮೊದಲೇ ಗೊತ್ತಿತ್ತು, ಅದು ಸರಿಯೋ ತಪ್ಪೋ ಎಂದು ಒಂದು ದಿನವೂ ಯೋಚಿಸಿದವಳಲ್ಲ. ಬೋಟಿನ ಮಾಲೀಕ ವೈರ್‌ಲೆಸ್ಸಿನಲ್ಲಿ ಬಿಟ್ಟು ಬಾ ಎಂದನಂತೆ. ಜಟ್ಟ ಬಿಟ್ಟು ಬಂದ.

ಯಾರು ಅದು ಎಂದು ಕೇಳಿದೆ. ಅವನು ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿದ. ಬಲೆಯಲ್ಲಿ ಇದೆ ಎಂದು ಗೊತ್ತಾದ ಕೂಡಲೇ ಎಲ್ಲರನ್ನೂ ಆಚೆ ಮುಖ ಮಾಡಿ ನಿಲ್ಲಿಸಿ, ಕಣ್ಣು ತಪ್ಪಿಸಿ ಅದರ ಮೇಲೆ ತಾಡಪತ್ರಿ ಎಳೆದನಂತೆ.

"ನಾನು ಮುಖ ನೋಡ್ಲಿಲ್ಲ ಮಾವಶಿ. ನೋಡಿದ್ರೆ ಅಂವ ಇಂಥವನೇ ಹೇಳಿ ಆತಿದ್ದ. ರೂಪೇಶ ಆಗಿದ್ರೆ ನಿಂಗೆ, ವಿನುತಂಗೆ ನಾನೇ ಬಂದು ಹೇಳ್ಬೇಕಾತಿತ್ತು. ನೋಡದೆ ಬಿಟ್ರೆ ರೂಪೇಶ ಎಲ್ಲೋ ಬದ್ಕಂಡು ಇದ್ದಾ ಹೇಳಿ ಆತದೆ ಅಂದ್ಕಂಡೆ."

ಎತ್ತರ ಇದ್ದನೋ ಗಿಡ್ಡ ಇದ್ದನೋ, ಅಂಗಿ ಯಾವ ಬಣ್ಣ, ಕೈಯಲ್ಲಿ ದಾರ ಇತ್ತೋ ಎಂದು ಹುಚ್ಚಿಯ ಹಾಗೆ ಕೇಳಿದೆ. ಎಲ್ಲದಕ್ಕೂ ಗೊತ್ತಿಲ್ಲ ಎಂದ. ಬಲೆಯಿಂದ ಬಿಡಿಸುವಾಗ ತಾನೊಬ್ಬನೇ ಎತ್ತಿದ್ದು, ಭಾರ ಇತ್ತು, ಅಷ್ಟೇ ಗೊತ್ತು ಎಂದ. ಭಾರ ಎಂದರೆ ಏನು ವಿನುತಾ? ಯಾರನ್ನು ಎತ್ತಿದರೂ ಭಾರವೇ. ರೂಪೇಶ ನೀರಿಗೆ ಬಿದ್ದು ಎರಡು ವಾರವೂ ಆಗಿರಲಿಲ್ಲ ಆಗ. ಆ ನೀರಿನಲ್ಲಿ ಆ ದಿನಗಳಲ್ಲಿ ಬೇರೆ ಯಾರೂ ಕಾಣೆಯಾದ ಸುದ್ದಿ ನಮಗೆ ಬಂದಿಲ್ಲ. ಬಾರದೆಯೂ ಹೋಗಿರಬಹುದು, ಸಮುದ್ರ ದೊಡ್ಡದು, ಒಡಿಶಾ ಕಡೆಯ, ಜಾರ್ಖಂಡ ಕಡೆಯ ಎಷ್ಟೋ ಹುಡುಗರು ಬೋಟುಗಳಲ್ಲಿ ಇದ್ದಾರೆ. ನಾನು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಅವನು ಹೋಗಿದ್ದ.

ನನಗೆ ಏನಾಯಿತು ಎಂದು ಕೇಳಬೇಡ. ಮೊದಲು ಅವನನ್ನು ಕೊಲ್ಲಬೇಕು ಅನ್ನಿಸಿತು. ಮೀನಿಗಾಗಿ ನನ್ನ ಮಗನನ್ನು ಬಿಟ್ಟ ಎಂದು ಗೋಡೆಗೆ ಹೇಳಿದೆ, ಒಲೆಗೆ ಹೇಳಿದೆ. ಇಡೀ ಬೈತಖೋಲ ಕೇಳುವ ಹಾಗೆ ಅವನ ಮರ್ಯಾದೆ ತೆಗೆಯುತ್ತೇನೆ ಎಂದು ಹೊರಟೆ ಕೂಡ. ಬಂದರಿನ ತನಕ ಹೋಗಿ ಅಲ್ಲೇ ಕಲ್ಲಿನ ಮೇಲೆ ಕೂತೆ. ಕೂತುಕೊಂಡು ದೇವರನ್ನು ಬೇಡಿಕೊಳ್ಳತೊಡಗಿದೆ. ಅದು ನನ್ನ ರೂಪೇಶ ಅಲ್ಲದಿರಲಿ ಎಂದು. ಒಂದೇ ಮಾತನ್ನು ಎಷ್ಟು ಸಲ ಹೇಳಿದೆನೋ. ಹೇಳುತ್ತಾ ಹೇಳುತ್ತಾ ನಾನು ಏನು ಬೇಡುತ್ತಿದ್ದೇನೆ ಎಂದು ನನಗೇ ಗೊತ್ತಾಯಿತು. ಹೆಣವಂತೂ ಬಂದಿತ್ತು. ಅದು ನನ್ನ ಮಗ ಅಲ್ಲದಿದ್ದರೆ ಇನ್ನೊಬ್ಬಳ ಮಗ. ನನ್ನದು ಬೇಡ, ಅವಳದ್ದು ಆಗಲಿ ಎಂದು ಕೈಮುಗಿದು ಕೇಳುತ್ತಿದ್ದೆ. ಆ ಹೆಂಗಸು ಎಲ್ಲಿದ್ದಾಳೋ, ಅವಳ ಭಾಷೆ ಯಾವುದೋ, ಅವಳೂ ಎಲ್ಲೋ ಕೂತು ತಲೆಗಳನ್ನು ನೋಡುತ್ತಿರಬಹುದು. ಅವಳಿಗೆ ಬಲೆಯ ಸುದ್ದಿ ಹೇಳುವ ಜಟ್ಟ ಕೂಡ ಇಲ್ಲ. ಆಮೇಲೆ ಬೇಡಿಕೊಳ್ಳುವುದು ಆಗಲಿಲ್ಲ. ಸುಮ್ಮನೆ ಅಳುತ್ತ ಕೂತೆ, ಹಾದು ಹೋಗುವವರು ನೋಡಿದರು, ನೋಡಲಿ.

ಜಟ್ಟ ಮಾಡಿದ್ದು ತಪ್ಪು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅವನು ಮೀನಿಗಾಗಿ ಬಿಟ್ಟನೋ, ನಮ್ಮ ಮೇಲಿನ ಪ್ರೀತಿಗೆ ಬಿಟ್ಟನೋ, ಹೆದರಿ ಬಿಟ್ಟನೋ ಎಂದು ಬೇರೆ ಬೇರೆ ಮಾಡಿ ತೆಗೆಯಲು ನನಗೆ ಬರುವುದಿಲ್ಲ. ಅವನಿಗೂ ಬರುವುದಿಲ್ಲ. ಮುಖ ನೋಡದಿದ್ದರೆ ಸತ್ತವನು ಸತ್ತ ಹಾಗಲ್ಲ ಎಂದು ತಿಳಿದ. ದಡ್ಡ. ನೋಡದೇ ಇದ್ದುದರಿಂದ ಈಗ ನಮ್ಮ ಮೂವರಿಗೂ ಸಾಯುವ ತನಕ ಗೊತ್ತಾಗುವುದಿಲ್ಲ.

ನಿನಗೆ ಇದನ್ನು ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನೀನು ಒಂದು ಆಸೆಯನ್ನು ಹಿಡಿದುಕೊಂಡು ಉಸಿರಾಡುತ್ತಿದ್ದೀ. ಇಪ್ಪತ್ತಾರು ವರ್ಷದ ಹುಡುಗಿಯ ಕೈಯಿಂದ ಅದನ್ನು ಕಿತ್ತುಕೊಳ್ಳುವ ಹಕ್ಕು ಅತ್ತೆಗೆ ಎಲ್ಲಿಯದು? ಹೇಳದಿದ್ದರೆ ನಿನಗೆ ಏನು ನಷ್ಟ? ಇನ್ನಷ್ಟು ವರ್ಷ ಕಾಯುತ್ತೀ, ಕಾಯುವುದರಲ್ಲೂ ಒಂದು ಸುಖ ಉಂಟು, ನನಗೆ ಗೊತ್ತು. ಹೀಗೆಲ್ಲ ಹೇಳಿಕೊಂಡು ಒಂದು ವಾರ ಸುಮ್ಮನಿದ್ದೆ. ಆದರೆ ಯಾಕೋ ಪ್ರತಿ ಸಲ ಜಟ್ಟನ ಮಾತೇ ನನ್ನ ಬಾಯಲ್ಲಿ ಬರುತ್ತಿತ್ತು. ಅವನೂ ನಮಗೆ ನೋವಾಗಬಾರದೆಂದೇ ಮುಚ್ಚಿದ. ನಾನು ನಿನಗೆ ಹೇಳದೆ ಬಿಟ್ಟರೆ ಅದೇ ತಾಡಪತ್ರಿಯನ್ನು ಎರಡನೇ ಸಲ ಎಳೆದ ಹಾಗೆ. ನೀನು ನನ್ನ ಮೇಲೆ ಸಿಟ್ಟು ಮಾಡು, ಪತ್ರ ಹರಿದು ಅಳಿವೆಗೆ ಬಿಸಾಡು, ಆದರೆ ನಿನ್ನ ಗಂಡನ ವಿಷಯ ನನಗೆ ಗೊತ್ತಿದ್ದಷ್ಟು ನಿನಗೂ ಗೊತ್ತಿರಬೇಕು. ಅದು ನಿನ್ನದು.

ಆಮೇಲೆ ಗುರುಪ್ರಸಾದ ಭಟ್ಟರಿಗೆ ಫೋನು ಮಾಡಿದೆ. ಜಟ್ಟನ ಹೆಸರು ಹೇಳಲಿಲ್ಲ. ಬಲೆಗೆ ಬಂದ ಯಾರೋ ಒಬ್ಬನಿಗೆ, ಯಾರು ಎಂದು ಗೊತ್ತಿಲ್ಲದವನಿಗೆ, ಗೊಂಬೆ ಮಾಡಿ ಕ್ರಿಯೆ ಮಾಡಬಹುದೇ ಎಂದು ಕೇಳಿದೆ.

"ಹೆಸರು ಹೇಳದೆ ಯಾರಿಗೆ ಅಂತ ಪಿಂಡ ಕೊಡೂದು ಹೀರಾಬಾಯಿ? ಗೋತ್ರ ಗೊತ್ತಿಲ್ಲ ಅಂದ್ರೆ ಕಾಶ್ಯಪ ಅಂತ ಹೇಳೂಕೆ ಬತ್ತದೆ. ಹೆಸರು ಮಾತ್ರ ಬೇಕೇ ಬೇಕು" ಎಂದರು.

ಅದನ್ನೇ ಹಿಡಿದುಕೊಂಡು ಎರಡು ದಿನ ಮೀನು ಮಾರಿದೆ. ಲೆಕ್ಕ ತಪ್ಪಿ ಗಿರಾಕಿಗಳ ಹತ್ತಿರ ಬೈಸಿಕೊಂಡೆ. ಮೂರನೆಯ ದಿನ ಬುಟ್ಟಿ ತೊಳೆಯುವಾಗ ಮನಸ್ಸಿಗೆ ಬಂತು. ನನ್ನ ಹತ್ತಿರ ಒಂದು ಹೆಸರು ಉಂಟಲ್ಲ. ನಾನೇ ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಹೇಳಿದ ಹೆಸರು. ಅದನ್ನೇ ಕೊಡುವ. ಆ ಬಲೆಗೆ ಬಂದವನು ನಮ್ಮ ರೂಪೇಶನೇ ಆಗಿದ್ದರೆ ಕೊಟ್ಟದ್ದು ಅವನಿಗೆ ಸೇರುತ್ತದೆ. ಬೇರೆ ಯಾರೋ ಆಗಿದ್ದರೆ, ಮನೆಯವರ ಕಣ್ಣಿಗೆ ಬೀಳದೆ, ಮುಖ ಮುಚ್ಚಿಸಿಕೊಂಡು ಹೋದವನು ನನ್ನ ಮಗನ ಹೆಸರು ಹೊತ್ತುಕೊಂಡು ಹೋಗಲಿ. ಅವನ ತಾಯಿಗೆ ನನ್ನಿಂದ ಅಷ್ಟಾದರೂ ಆಗಲಿ. ಆಗ ರೂಪೇಶ ಎಲ್ಲಾದರೂ ಬದುಕಿದ್ದು ಬಂದರೆ ಭಟ್ಟರು ಹೇಳಿದ ದಾರಿ ಉಂಟು. ತುಪ್ಪದಲ್ಲಿ ಮೀಯಿಸಿ, ಹೊಸ ಹೆಸರಿಟ್ಟು, ಮತ್ತೆ ನಿನ್ನ ಕೊರಳಿಗೆ ಕಟ್ಟಿಸುತ್ತೇನೆ. ಎರಡನೇ ಮದುವೆಗೆ ನೀನು ಒಪ್ಪದಿದ್ದರೆ ಅವನ ಹಣೆಬರಹ.

ಬರುವುದಿಲ್ಲ ವಿನುತಾ. ನಾನು ತಮಾಷೆ ಮಾಡುತ್ತೇನೆ, ಆದರೆ ಬರುವುದಿಲ್ಲ ಎಂದು ನನ್ನ ಕರುಳು ಹೇಳುತ್ತದೆ. ನನಗೆ ಅವನು ಬೇಕು. ಈ ವಯಸ್ಸಿನಲ್ಲಿ ಬೇರೆ ಏನೂ ಬೇಡ, ಅವನು ಬಂದು ಒಂದು ಸಲ ಅಮ್ಮಾ, ಸಾರು ಉಪ್ಪಾಯಿತು ಎಂದು ಮುಖ ಸಿಂಡರಿಸಿದರೆ ಸಾಕು. ಅದು ಆಗುವುದಿಲ್ಲ ಎಂದು ಗೊತ್ತಿದ್ದೂ ನಾಳೆ ಸಂಜೆ ಮತ್ತೆ ಬಂದರಿಗೆ ಹೋಗುತ್ತೇನೆ.

ನೀನು ಹೂಂ ಎಂದರೆ ಮಾತ್ರ ಅಮಾವಾಸ್ಯೆಗೆ ಕ್ರಿಯೆ. ಕಾಶಿ ಭಾವನಿಗೂ ಹಾಗೇ ಹೇಳಿದ್ದೇನೆ, ಹಿರಿಯರು ಮುಖ ಊದಿಸಿಕೊಂಡರು, ಎರಡು ದಿನದಲ್ಲಿ ಇಳಿಯುತ್ತದೆ. ಆ ದಿನ ನಿನ್ನ ಕುಂಕುಮಕ್ಕಾಗಲಿ ಕರಿಮಣಿಗಾಗಲಿ ಯಾರೂ ಕೈ ಹಚ್ಚುವುದಿಲ್ಲ, ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಇಟ್ಟುಕೊಳ್ಳುವುದಾದರೆ ಇಟ್ಟುಕೋ. ಮುಂದೆ ಯಾವಾಗಲಾದರೂ ಬೇರೆ ಬದುಕು ಬೇಕು ಅನ್ನಿಸಿದರೆ ಮೊದಲು ನನಗೆ ಹೇಳು, ಮದುವೆಯ ಸೀರೆಯನ್ನು ನಾನೇ ತರುತ್ತೇನೆ, ಬಣ್ಣದಲ್ಲಿ ಮಾತ್ರ ನಿನ್ನ ಅಮ್ಮನನ್ನು ನಂಬಬೇಡ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಉರಿಯುತ್ತದೆ. ಆದರೂ ಬರೆದಿದ್ದೇನೆ. ಬೇಡ, ಇನ್ನೂ ಕಾಯುತ್ತೇನೆ ಎಂದರೂ ನನಗೆ ಒಪ್ಪಿಗೆ. ಆಗ ಇಬ್ಬರೂ ಒಂದೇ ಮನೆಯಲ್ಲಿ ಕಾಯುವ, ಬಂದುಬಿಡು. ನಿನ್ನ ಬೆಕ್ಕು ನನ್ನ ಮಾತು ಕೇಳುವುದಿಲ್ಲ.

ಗಂಗೂಬಾಯಿಗೆ ನನ್ನ ನಮಸ್ಕಾರ ಹೇಳು, ಈ ಪತ್ರವನ್ನು ಅವಳಿಗೆ ಇವತ್ತೇ ಓದಿ ಹೇಳಬೇಡ, ನಾಳೆ ಹೇಳು. ವೆಂಕಟರಮಣನ ಗುಡಿಗೆ ಹೋದರೆ ನನ್ನದೂ ಒಂದು ಕೈಮುಗಿ, ಏನೂ ಬೇಡಿಕೊಳ್ಳಬೇಡ, ಸುಮ್ಮನೆ ಕೈಮುಗಿ. ದೇವರು ನಿನಗೆ ಗಟ್ಟಿ ಎದೆ ಕೊಡಲಿ, ಹೊತ್ತು ಹೊತ್ತಿಗೆ ಹಸಿವು ಕೊಡಲಿ.

ನಿನ್ನ ಅತ್ತೆ,
ಹೀರಾ

ತಾ.ಕ.: ಪತ್ರವನ್ನು ಪೋಸ್ಟಿಗೆ ಹಾಕಲಿಲ್ಲ. ತಂದುಕೊಟ್ಟವನು ಜಟ್ಟ. ಒಳಗೆ ಏನು ಬರೆದಿದೆ ಎಂದು ಅವನಿಗೆ ಗೊತ್ತು. ನೀನು ಓದಿ ಮುಗಿಸುವ ತನಕ ಅಂಗಳ ಬಿಟ್ಟು ಹೋಗಬೇಡ ಎಂದು ಹೇಳಿ ಕಳಿಸಿದ್ದೇನೆ. ತನ್ನಿಂದ ಆಗುವುದಿಲ್ಲ ಎಂದಿದ್ದರೂ ಬೆಂಕಿ ಇಡುವವನು ಅವನೇ ಆಗಲಿ ಎಂದು ನನ್ನ ಮನಸ್ಸು. ಆ ಸತ್ತವನನ್ನು ಕೈಯಲ್ಲಿ ಎತ್ತಿದವನು ಅವನೊಬ್ಬನೇ. ಆದರೆ ನೀನು ಬೇಡ ಎಂದರೆ ಬೇಡ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಹೇಳಬೇಡ, ಅವನಿಗೆ ಒಂದು ತಂಬಿಗೆ ನೀರು ಕೊಡು, ಒಪ್ಪಿದೆ ಎಂದು ತಿಳಿಯುತ್ತೇನೆ. ಕೊಡದಿದ್ದರೂ ನಾನು ನಿನ್ನನ್ನು ಒಂದು ಮಾತು ಕೇಳುವುದಿಲ್ಲ. ಆ ದಿನ ನನ್ನಿಂದಲೂ ಆಗಲಿಲ್ಲ. ಸಣ್ಣಂದಿನಿಂದ ನನ್ನ ಕೈಯಲ್ಲಿ ಉಂಡವನು, ಎಲ್ಲ ಹೇಳಿ ಮುಗಿಸಿ ಮಾವಶಿ, ನೀರು ಎಂದ. ನಾನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಇವತ್ತೂ ನಿನ್ನ ಅಂಗಳಕ್ಕೆ ಬಿಸಿಲಲ್ಲೇ ಬಂದಿರುತ್ತಾನೆ.